ಪೇಶೆಂಟ್ ಟ್ರಾನ್ಸ್‌ಫರ್ ಚೇರ್: ಯಾರ ಮನೆಗೆ ಹೊಂದುತ್ತದೆ, ಯಾರಿಗೆ ದುಡ್ಡು ದಂಡ

ಹಾಸಿಗೆ ಹಿಡಿದವರನ್ನು ಮಂಚದಿಂದ ಕಮೋಡಿಗೆ, ಸೋಫಾಕ್ಕೆ, ಊಟದ ಮೇಜಿಗೆ ಸಾಗಿಸಲು ಸರ್ಜಿಕಲ್ ಅಂಗಡಿಗಳಲ್ಲಿ ಈಗ ಸುಲಭವಾಗಿ ಸಿಗುವುದು ಸೀಟು ಎರಡು ಹೋಳಾಗಿ ತೆರೆದುಕೊಳ್ಳುವ ಟ್ರಾನ್ಸ್‌ಫರ್ ಚೇರ್. ಮಾರಾಟದ ವಿಡಿಯೋಗಳಲ್ಲಿ ಒಬ್ಬರೇ ನಿಂತು ಅರ್ಧ ನಿಮಿಷದಲ್ಲಿ ಕೆಲಸ ಮುಗಿಸುತ್ತಾರೆ. ವಿಡಿಯೋದ ಮಂಚಕ್ಕೆ ಎತ್ತರದ ಕಾಲುಗಳಿರುತ್ತವೆ, ನೆಲ ಒಂದೇ ಮಟ್ಟದ್ದು, ಕೂತವರು ಆರೋಗ್ಯವಂತರು. ನಮ್ಮ ಮನೆಗಳಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ಅಪರೂಪ. ಆದ್ದರಿಂದ ಈ ವಿಮರ್ಶೆ ಒಂದು ಕಂಪನಿಯ ಮಾಡೆಲ್ ಕುರಿತದ್ದಲ್ಲ. ಈ ಬಗೆಯ ಕುರ್ಚಿ ಮತ್ತು ಅದರ ಜೊತೆ ಬೇಕಾಗುವ ಬೆಲ್ಟ್, ಸ್ಲೈಡ್ ಶೀಟುಗಳ ಬಗ್ಗೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಂಚದ ಅಂಚಿನಲ್ಲಿ ಕೂರಬಲ್ಲ, ಆದರೆ ಕಾಲ ಮೇಲೆ ಭಾರ ಹಾಕಲಾರದ ರೋಗಿಗೆ ಈ ಕುರ್ಚಿಯಷ್ಟು ಉಪಕಾರಿ ವಸ್ತು ಇನ್ನೊಂದಿಲ್ಲ. ಸ್ವಲ್ಪ ಆಸರೆ ಕೊಟ್ಟರೆ ಎದ್ದು ನಿಲ್ಲುವವರಿಗೆ ಇದು ಬೇಡವೇ ಬೇಡ. ನಿಲ್ಲಬಲ್ಲವರನ್ನು ದಿನವೂ ಕೂರಿಸಿಯೇ ಸಾಗಿಸಿದರೆ ಕಾಲಿನಲ್ಲಿ ಉಳಿದಿರುವ ಬಲವೂ ಹೋಗುತ್ತದೆ. ಕತ್ತು, ಬೆನ್ನು ನಿಲ್ಲಿಸಿಕೊಳ್ಳಲಾರದವರಿಗೆ ಇದು ಅಪಾಯ, ಅವರಿಗೆ ಜೋಲಿಯಲ್ಲಿ ಕೂರಿಸಿ ಮೇಲೆತ್ತುವ ಯಂತ್ರ, ಅಂದರೆ ಹಾಯ್ಸ್ಟ್ ಬೇಕು.

ಇಷ್ಟೆಲ್ಲ ಸಲಕರಣೆ ಯಾಕೆ, ಬೆನ್ನು ನೆಟ್ಟಗಿಟ್ಟು ಮೊಣಕಾಲು ಬಗ್ಗಿಸಿ ಎತ್ತಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಕೆಲಸಗಾರರ ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಯೋಶ್ (NIOSH) 1990ರ ದಶಕದ ಆರಂಭದಲ್ಲಿ ಪರಿಷ್ಕರಿಸಿದ ಲೆಕ್ಕದ ಪ್ರಕಾರ, ಎಲ್ಲ ಅನುಕೂಲವೂ ಇದ್ದಾಗ ಒಬ್ಬರು ಎತ್ತಬಹುದಾದ ಭಾರ 23 ಕೆಜಿ. ಅದು ಹಿಡಿಕೆ ಇರುವ, ಅಲುಗಾಡದ ಪೆಟ್ಟಿಗೆಯ ಲೆಕ್ಕ. ಮನುಷ್ಯನಿಗೆ ಹಿಡಿಕೆ ಇಲ್ಲ. ನೋವಾದರೆ ಕೊಸರುತ್ತಾರೆ, ಭಯವಾದರೆ ಕುತ್ತಿಗೆಗೆ ಜೋತು ಬೀಳುತ್ತಾರೆ. ಹಾಗಾಗಿ ಅದೇ ಸಂಸ್ಥೆಯ ತಜ್ಞ ಥಾಮಸ್ ವಾಟರ್ಸ್ 2007ರಲ್ಲಿ ರೋಗಿಗಳನ್ನು ಕೈಯಿಂದ ಎತ್ತುವ ಮಿತಿಯನ್ನು 35 ಪೌಂಡಿಗೆ, ಅಂದರೆ ಸುಮಾರು 16 ಕೆಜಿಗೆ ಇಳಿಸಿದರು. 65 ಕೆಜಿ ತೂಕದವರ ಒಂದು ಕಾಲೇ ಹೆಚ್ಚುಕಡಿಮೆ 10 ಕೆಜಿ ಇರುತ್ತದೆ. ಎರಡು ಕಾಲು ಒಟ್ಟಿಗೆ ಎತ್ತಿ ಮಂಚದ ಮೇಲೆ ಹಾಕುವಷ್ಟರಲ್ಲೇ ಮಿತಿ ದಾಟಿಹೋಯಿತು. ಭಾರ ಮೈಯಿಂದ ದೂರವಾದಷ್ಟೂ ಸೊಂಟದ ಮೇಲಿನ ಒತ್ತಡ ಏರುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ನಡೆಯುವುದಕ್ಕೂ ಕೈ ಮುಂದೆ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇದು. ಅದರ ಮೇಲೆ ಬಗ್ಗಿದಲ್ಲೇ ಸೊಂಟ ತಿರುಗಿಸಿದರೆ ಡಿಸ್ಕಿಗೆ ಪೆಟ್ಟು. ಭಂಗಿ ಸರಿ ಇರಲೇಬೇಕು, ಆದರೆ ಭಾರವನ್ನೇ ಕಡಿಮೆ ಮಾಡುವುದು ಸಲಕರಣೆ ಮಾತ್ರ.

ಟೇಪ್ ಹಿಡಿದು ಅಳೆಯಬೇಕಾದ್ದು

ಕುರ್ಚಿಯ ತಳಪಾಯಕ್ಕೆ ಎರಡು ಉದ್ದನೆಯ ಕಾಲುಗಳಿದ್ದು ಅವು ಮಂಚದ ಅಡಿಗೆ ನುಗ್ಗಬೇಕು. ನುಗ್ಗದಿದ್ದರೆ ಸೀಟು ರೋಗಿಯ ತೊಡೆಯವರೆಗೆ ಬರುವುದೇ ಇಲ್ಲ. ಕೆಳಗೆ ಪೆಟ್ಟಿಗೆ ಇರುವ ದಿವಾನ್, ಡ್ರಾಯರ್ ಇರುವ ಬಾಕ್ಸ್ ಕಾಟ್ ಇರುವ ಮನೆಗಳಲ್ಲಿ ಕುರ್ಚಿ ತಂದ ದಿನವೇ ಮೂಲೆ ಸೇರುವುದಕ್ಕೆ ಇದೇ ಕಾರಣ. ನೆಲದಿಂದ ಮಂಚದ ಅಡ್ಡಪಟ್ಟಿಯವರೆಗೆ ಕನಿಷ್ಠ 5 ಇಂಚು ಖಾಲಿ ಇರಲಿ. ಮಾಡೆಲ್ ಪ್ರಕಾರ ಬದಲಾಗುವುದರಿಂದ, ಗಾಲಿ ಸೇರಿ ತಳಪಾಯದ ಎತ್ತರ ಎಷ್ಟು ಎಂದು ಅಂಗಡಿಯವರಿಂದ ಬರೆಸಿಕೊಳ್ಳಿ. ಫ್ಯಾಕ್ಟರಿ ಕಾಟ್ ಎಂದು ಕರೆಯುವ ಕಬ್ಬಿಣದ ಮಂಚವಾದರೆ ಸಾಮಾನ್ಯವಾಗಿ ತೊಂದರೆ ಇಲ್ಲ.

ಎರಡನೆಯದು ಬಚ್ಚಲ ಬಾಗಿಲು. ಹಳೆಯ ಮನೆಗಳಲ್ಲಿ ಇದು ಎರಡೂವರೆ ಅಡಿ, ಕೆಲವು ಕಡೆ ಎರಡೇ ಅಡಿ. ಅಳೆಯಬೇಕಾದ್ದು ಚೌಕಟ್ಟನ್ನಲ್ಲ. ಬಾಗಿಲು ಪೂರ್ತಿ ತೆರೆದಾಗ ಉಳಿಯುವ ದಾರಿಯನ್ನು. ಬಾಗಿಲ ದಪ್ಪ, ಚಿಲಕ ಎಲ್ಲ ಸೇರಿ ಒಂದೂವರೆ ಇಂಚು ಅಲ್ಲೇ ಕಳೆಯುತ್ತದೆ. ಕುರ್ಚಿ ತಳ್ಳುವವರ ಗೆಣ್ಣುಗಳಿಗೆ ಎರಡೂ ಕಡೆ ಒಂದೊಂದು ಇಂಚು ಬಿಡಿ.

ಮೂರನೆಯದು ಹೊಸ್ತಿಲು. ಈ ಕುರ್ಚಿಗಳ ಗಾಲಿ ಸಣ್ಣವು, ವೀಲ್‌ಚೇರಿನ ದೊಡ್ಡ ಚಕ್ರದಂತೆ ಏರುವುದಿಲ್ಲ. ಅರ್ಧ ಇಂಚಿನ ಗ್ರಾನೈಟ್ ಪಟ್ಟಿಯೇ ಸಾಕು, ಮುಂದಿನ ಗಾಲಿ ತಡೆದು ಕೂತವರು ಮುಂದಕ್ಕೆ ಮುಗ್ಗರಿಸಲು. ನಮ್ಮ ಬಚ್ಚಲುಗಳು ನೀರು ಹೊರಗೆ ಬರದಿರಲಿ ಎಂದು ಒಂದೆರಡು ಇಂಚು ತಗ್ಗಿನಲ್ಲಿರುತ್ತವೆ. ಬಡಗಿಯಿಂದ ಪ್ಲೈವುಡ್ಡಿನ ಇಳಿಜಾರು ಮಾಡಿಸಬಹುದು. ಪ್ರತಿ ಇಂಚು ಎತ್ತರಕ್ಕೆ ಕನಿಷ್ಠ ಒಂದು ಅಡಿ ಉದ್ದ ಬೇಕು. ಸಣ್ಣ ಬಚ್ಚಲಿನಲ್ಲಿ ಆ ಜಾಗ ಸಿಗದಿದ್ದರೆ ಒಳಗೆ ಒಯ್ಯುವ ಯೋಚನೆ ಬಿಟ್ಟು, ಸೀಟಿನ ಅಡಿಯ ಬೆಡ್‌ಪ್ಯಾನ್ ಬಳಸುವುದೇ ಜಾಣತನ.

ಕಮೋಡಿನ ಮೇಲೆ ಕುರ್ಚಿ ನಿಲ್ಲಿಸುವ ಉದ್ದೇಶವಿದ್ದರೆ ಕಮೋಡಿನ ಅಗಲ ಮತ್ತು ಎತ್ತರ ಅಳೆಯಿರಿ. ತಳಪಾಯದ ಎರಡು ಕಾಲುಗಳ ನಡುವೆ ಅದು ಹಿಡಿಯಬೇಕು, ಸೀಟಿನ ಅಡಿಭಾಗ ಅದರ ಅಂಚಿಗಿಂತ ಮೇಲಿರಬೇಕು. ಇಂಡಿಯನ್ ಶೌಚದ ಗುಂಡಿ ಇರುವ ಕಡೆ ಈ ಕುರ್ಚಿಯನ್ನು ಒಯ್ಯಲೇಬೇಡಿ, ಗಾಲಿ ಗುಂಡಿಗೆ ಇಳಿದರೆ ಕುರ್ಚಿ ಮಗುಚುತ್ತದೆ.

ಕೂರಿಸುವ ಕ್ರಮ

ರೋಗಿಯನ್ನು ಎದ್ದು ಕೂರಿಸುವುದು ಮೊದಲ ಹಂತ, ಇಲ್ಲಿ ಕುರ್ಚಿಯಿಂದ ಯಾವ ಸಹಾಯವೂ ಇಲ್ಲ. ಎರಡು ಕೈ ಹಿಡಿದು ಎಳೆದು ಕೂರಿಸುವ ಅಭ್ಯಾಸ ಬಿಡಬೇಕು. ಮೊಣಕಾಲು ಮಡಿಸಿ, ಭುಜ ಮತ್ತು ಸೊಂಟ ಒಟ್ಟಿಗೆ ತಿರುಗುವಂತೆ ನಿಮ್ಮತ್ತ ಮಗ್ಗುಲಾಗಿಸಿ. ಪಾದಗಳನ್ನು ಮಂಚದಿಂದ ಕೆಳಕ್ಕೆ ಇಳಿಬಿಡಿ. ಕಾಲಿನ ಭಾರ ಇಳಿಯುತ್ತಿದ್ದಂತೆ ಮೈಯ ಮೇಲ್ಭಾಗ ತಾನಾಗಿ ಏಳಲು ಶುರುವಾಗುತ್ತದೆ. ಆಗ ಒಂದು ಕೈ ಭುಜದ ಹಿಂಭಾಗಕ್ಕೆ, ಇನ್ನೊಂದು ಮೇಲಿರುವ ಸೊಂಟದ ಮೂಳೆಗೆ ಇಟ್ಟು ಕೂರಿಸಿ. ನಿಮ್ಮ ಭಾರ ಒಂದು ಕಾಲಿಂದ ಇನ್ನೊಂದು ಕಾಲಿಗೆ ಸಾಗಬೇಕು, ಬೆನ್ನು ಎಳೆಯಬಾರದು.

ಕೂರಿಸಿದ ಮೇಲೆ ಒಂದೆರಡು ನಿಮಿಷ ಹಾಗೇ ಬಿಡಿ. ತುಂಬ ದಿನ ಮಲಗಿದವರಿಗೆ ಏಳುತ್ತಲೇ ಬಿಪಿ ಇಳಿಯುವುದು ಸಾಮಾನ್ಯ. ಮುಖ ಬಿಳಿಚಿಕೊಂಡರೆ, ಬೆವರಿದರೆ, ಉತ್ತರ ತಡವರಿಸಿದರೆ ಮತ್ತೆ ಮಲಗಿಸಿ. ಈ ಕಾಯುವಿಕೆಯನ್ನು ತಪ್ಪಿಸಿ ಕುರ್ಚಿಗೆ ಸೇರಿಸಿದರೆ, ತಲೆ ಸುತ್ತು ಬರುವುದು ನಡುದಾರಿಯಲ್ಲಿ.

ಇನ್ನು ಕುರ್ಚಿ. ಸೀಟಿನ ಹಿಂಭಾಗದ ಬೀಗ ತೆಗೆದು ಎರಡು ಹೋಳುಗಳನ್ನು ರೆಕ್ಕೆಯಂತೆ ಅಗಲಿಸಿ, ತೆರೆದ ಕಡೆಯನ್ನು ರೋಗಿಯತ್ತ ಮಾಡಿ ತಳ್ಳಿ. ಅವರ ಕಾಲುಗಳು ಕುರ್ಚಿಯ ನಡುವೆ ಬರುತ್ತವೆ. ಸೀಟಿನ ಎತ್ತರ ಹೊಂದಿಸುವುದರಲ್ಲೇ ಅರ್ಧ ಕೆಲಸ ಇದೆ: ಹಾಸಿಗೆಯ ಮೇಲ್ಮೈಗಿಂತ ಅರ್ಧದಿಂದ ಒಂದು ಇಂಚು ತಗ್ಗಿರಲಿ. ಮೇಲಿದ್ದರೆ ಹೋಳಿನ ಅಂಚು ತೊಡೆಗೆ ಕೊರೆಯುತ್ತದೆ, ತೀರ ಕೆಳಗಿದ್ದರೆ ಮಂಚದ ಪಟ್ಟಿಗೆ ಬಡಿಯುತ್ತದೆ. ನಾಲ್ಕೂ ಗಾಲಿಗಳ ಬ್ರೇಕ್ ಹಾಕಿ. ರೋಗಿಯನ್ನು ಎಡಕ್ಕೆ ವಾಲಿಸಿ ಬಲದ ಹೋಳನ್ನು ಅಡಿಗೆ ಸರಿಸಿ, ಬಲಕ್ಕೆ ವಾಲಿಸಿ ಎಡದ್ದನ್ನು. ಎರಡನ್ನೂ ಒಟ್ಟಿಗೆ ನೂಕಿದರೆ ಚರ್ಮ ಎಳೆದಾಡುತ್ತದೆ, ನರಳಾಟ ಶುರು.

ಹೋಳುಗಳು ಕೂಡುವ ನಡುಗೆರೆಯೇ ಈ ಕುರ್ಚಿಯ ಅತ್ಯಂತ ಅಪಾಯದ ಜಾಗ, ಯಾವ ಮಾರಾಟಗಾರರೂ ಇದನ್ನು ಹೇಳುವುದಿಲ್ಲ. ಡೈಪರಿನ ಅಂಚು, ಕ್ಯಾತಿಟರ್ ಕೊಳವೆ, ಒಳತೊಡೆಯ ಸಡಿಲ ಚರ್ಮ, ಗಂಡಸರಲ್ಲಿ ವೃಷಣ ಇಲ್ಲಿ ಸಿಕ್ಕಿಕೊಳ್ಳುತ್ತವೆ. ಮಧುಮೇಹದಿಂದಲೋ ಲಕ್ವದಿಂದಲೋ ಸ್ಪರ್ಶಜ್ಞಾನ ಕುಂದಿದವರು ನೋವಾಯಿತೆಂದು ಹೇಳುವುದೂ ಇಲ್ಲ. ಬೀಗ ಹಾಕುವ ಮುನ್ನ ಕೈಯನ್ನು ಆ ಗೆರೆಯ ಉದ್ದಕ್ಕೂ ಅಡಿಯಿಂದ ಒಮ್ಮೆ ಓಡಿಸಿ. ಮೂತ್ರದ ಚೀಲವನ್ನು ಮಂಚದಿಂದ ಬಿಚ್ಚಿ ಕುರ್ಚಿಗೆ ಸಿಕ್ಕಿಸಿ, ಅದು ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು.

ಬೀಗ ಕೂತ ಸದ್ದು ಕೇಳಿದರೆ ಸಾಲದು, ಹೋಳುಗಳನ್ನು ಹಿಡಿದು ಅಗಲಕ್ಕೆ ಎಳೆದು ನೋಡಿ. ಸೊಂಟದ ಪಟ್ಟಿ ಕಟ್ಟಿ. ಎರಡು ಇಂಚು ಮಾತ್ರ ಮೇಲೆತ್ತಿ ನಿಲ್ಲಿಸಿ: ಎರಡೂ ತೊಡೆ ಸಮವಾಗಿವೆಯೇ, ಮೈ ಒಂದು ಕಡೆ ಜಾರುತ್ತಿದೆಯೇ? ಸರಿ ಇದ್ದರೆ ಬ್ರೇಕ್ ಬಿಡಿಸಿ ಮಂಚದಿಂದ ಹೊರಗೆಳೆದು, ಸೀಟನ್ನು ಕೆಳಕ್ಕಿಳಿಸಿ, ಆಮೇಲೆ ಸಾಗಿಸಿ. ಎತ್ತರದಲ್ಲೇ ತಳ್ಳಿಕೊಂಡು ಹೋದರೆ ಸಣ್ಣ ಏಟಿಗೂ ಕುರ್ಚಿ ಓಲಾಡುತ್ತದೆ. ಹೊಸ್ತಿಲು ದಾಟುವಾಗ ಹಿಂಬದಿಯಿಂದ ಎಳೆದುಕೊಂಡು ಹೋಗಿ, ಮುಂದಕ್ಕೆ ತಳ್ಳಬೇಡಿ.

ಒಬ್ಬರಿಂದಲೇ ಆಗುತ್ತದೆ ಎಂಬ ಮಾತು ಅರ್ಧ ಸತ್ಯ. ಬೀಗ ಇರುವುದು ರೋಗಿಯ ಬೆನ್ನ ಹಿಂದೆ. ಅಲ್ಲಿಗೆ ಕೈ ಚಾಚುವಾಗ ಮುಂದಿನಿಂದ ಹಿಡಿಯಲು ಯಾರೂ ಇರುವುದಿಲ್ಲ. ಎರಡು ವಾರ ಇಬ್ಬರು ಸೇರಿ ಮಾಡಿ, ಆಮೇಲೂ ಕೂತಾಗ ವಾಲುವವರಿಗೆ ಇಬ್ಬರೇ ಇರಲಿ.

ಹಾಸಿಗೆಯೂ ಲೆಕ್ಕಕ್ಕೆ ಬರುತ್ತದೆ

ಹತ್ತಿ ಹಾಸಿಗೆ, ಮೆತ್ತನೆಯ ಫೋಮ್ ಹಾಸಿಗೆಯಲ್ಲಿ ಕೂತವರು ಎರಡು ಮೂರು ಇಂಚು ಕುಸಿಯುತ್ತಾರೆ, ಸೀಟಿನ ಹೋಳು ಒಳಗೆ ಹೋಗದೆ ಬಟ್ಟೆಯನ್ನು ಮಡಿಕೆ ಮಾಡುತ್ತದೆ. ತೆಂಗಿನ ನಾರಿನ ಗಟ್ಟಿ ಹಾಸಿಗೆ ಇದಕ್ಕೆ ಹೇಳಿ ಮಾಡಿಸಿದ್ದು. ಏರ್ ಬೆಡ್ ಹಾಕಿದ್ದರೆ ಇನ್ನೊಂದು ಎಚ್ಚರ: ಅದರ ಅಂಚು ಕೂತ ತಕ್ಷಣ ತಗ್ಗುತ್ತದೆ, ಮೇಲಿನ ರೆಕ್ಸಿನ್ ನುಣುಪು ಬೇರೆ, ರೋಗಿ ಮುಂದಕ್ಕೆ ಜಾರುತ್ತಾರೆ. ಏರ್ ಬೆಡ್ಡಿನ ಮೇಲೆ ಹತ್ತಿಯ ಹಾಸು ಬಿಗಿಯಾಗಿ ಹಾಸಿ, ಕೂರಿಸುವಾಗ ಒಬ್ಬರು ಎದುರು ನಿಂತು ತಮ್ಮ ಮೊಣಕಾಲನ್ನು ರೋಗಿಯ ಮೊಣಕಾಲಿಗೆ ಅಡ್ಡ ಕೊಡಿ. ಹೋಳಿನ ಮೂಲೆ ಗಾಳಿಕೊಳವೆಗೆ ತಾಗದಂತೆ ನೋಡಿಕೊಳ್ಳಿ.

ಏರಿಳಿಸುವ ಯಂತ್ರದಲ್ಲಿ ಮೂರು ಬಗೆ. ಕೈಯಿಂದ ತಿರುಗಿಸುವ ಹ್ಯಾಂಡಲ್ ನಿಧಾನ, ಆದರೆ ಸ್ಕ್ರೂ ತಾನಾಗಿ ಜಾರುವುದಿಲ್ಲ, ಕೆಡುವುದೂ ಕಡಿಮೆ. ಹೈಡ್ರಾಲಿಕ್ ಪೆಡಲ್ ಬೇಗ ಆಗುತ್ತದೆ, ಕೈ ಖಾಲಿ ಇರುತ್ತದೆ. ಸೀಲ್ ಸವೆದರೆ ಎಣ್ಣೆ ಜಿನುಗಿ, ಎತ್ತಿ ನಿಲ್ಲಿಸಿದ ಸೀಟು ಮೆಲ್ಲಗೆ ಇಳಿಯತೊಡಗುತ್ತದೆ. ಕೊಳ್ಳುವಾಗ ಭಾರ ಕೂರಿಸಿ ಎತ್ತಿ, ಹತ್ತು ನಿಮಿಷ ಬಿಟ್ಟು ಎತ್ತರ ಅಳೆದು ನೋಡಿ. ಬ್ಯಾಟರಿಯದ್ದು ಆರಾಮ, ಆದರೆ ಚಾರ್ಜ್ ಮರೆತರೆ ರೋಗಿ ಮೇಲೇ ಉಳಿಯುತ್ತಾರೆ. ಕೈಯಿಂದ ಇಳಿಸುವ ವ್ಯವಸ್ಥೆ ಇಲ್ಲದ ಬ್ಯಾಟರಿ ಕುರ್ಚಿ ಬೇಡ. ಇಳಿವಯಸ್ಸಿನ ದಂಪತಿ ಮಾತ್ರ ಇರುವ ಮನೆಗೆ ಹೈಡ್ರಾಲಿಕ್, ಕರೆಂಟ್ ನೆಚ್ಚಿಕೊಳ್ಳಲಾಗದ ಊರಿಗೆ ಹ್ಯಾಂಡಲ್ ಇರುವುದು ಉತ್ತಮ ಆಯ್ಕೆ.

ಕೆಲವರಿಗೆ ಈ ಕುರ್ಚಿ ಕೊಡಲೇಬಾರದು. ಬೆನ್ನಿನ ಕೆಳತುದಿಯಲ್ಲಿ ಬೆಡ್‌ಸೋರ್ ಇದ್ದವರಿಗೆ ಹೋಳುಗಳ ಅಂಚು ಒತ್ತಿ ಗಾಯ ಕೆರಳುತ್ತದೆ. ಹೊಸದಾಗಿ ಸೊಂಟದ ಕೀಲು ಬದಲಾಯಿಸಿಕೊಂಡವರಿಗೆ ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಿಸಬಾರದೆಂದು ವೈದ್ಯರು ಹೇಳಿದ್ದರೆ, ಸೀಟನ್ನು ತಗ್ಗಿಸಿ ಕೂರಿಸಿದಾಗ ಕೀಲು ಜಾರಬಹುದು. ಎರಡೂ ಕಾಲು ಮಂಡಿಯ ಮೇಲೆ ಕತ್ತರಿಸಿದವರಲ್ಲಿ ಮೈಯ ತೂಕ ಹಿಂದಕ್ಕೆ ಬೀಳುತ್ತದೆ, ಕುರ್ಚಿಯ ಸಮತೋಲ ತಪ್ಪುತ್ತದೆ. ಮರೆವಿನ ಕಾಯಿಲೆಯಿಂದ ಇದ್ದಕ್ಕಿದ್ದಂತೆ ಎದ್ದು ಹೊರಡುವವರನ್ನು ಎತ್ತರದ ಸೀಟಿನಲ್ಲಿ ಕ್ಷಣವೂ ಒಂಟಿಯಾಗಿ ಬಿಡುವಂತಿಲ್ಲ.

ಬೆಲ್ಟ್: ಕಡಿಮೆ ಬೆಲೆಯ, ಹೆಚ್ಚು ಕೆಲಸದ ವಸ್ತು

ನಿಲ್ಲಬಲ್ಲ ರೋಗಿಗೆ ಬೇಕಾದ್ದು ಟ್ರಾನ್ಸ್‌ಫರ್ ಬೆಲ್ಟ್. ಕುರ್ಚಿಗೆ ಹತ್ತಾರು ಸಾವಿರ ಸುರಿಯುವ ಮೊದಲು ಇದನ್ನು ತಂದು ನೋಡಿ, ಎಷ್ಟೋ ಮನೆಗಳಲ್ಲಿ ಇದರಲ್ಲೇ ಕೆಲಸ ಮುಗಿಯುತ್ತದೆ. ಎರಡು ಇಂಚು ಅಗಲದ ಹತ್ತಿಯ ಬೆಲ್ಟ್ ಒಂದು ಬಗೆ, ನಾಲ್ಕು ಇಂಚು ಅಗಲದ, ಒಳಗೆ ಮೆತ್ತೆ, ಹೊರಗೆ ನಿಲುವು ಮತ್ತು ಅಡ್ಡ ಹಿಡಿಕೆಗಳಿರುವುದು ಇನ್ನೊಂದು. ಮನೆಯವರು ಬಳಸುವುದಾದರೆ ಹಿಡಿಕೆಗಳಿರುವುದನ್ನೇ ತೆಗೆದುಕೊಳ್ಳಿ. ಪ್ಯಾಂಟಿನ ಬೆಲ್ಟು, ಟವೆಲ್ಲು, ವೇಲು ಕಟ್ಟಿ ಎತ್ತುವುದು ಬೇಡ, ಗಂಟು ಸಡಿಲವಾಗುವುದು ಗೊತ್ತೇ ಆಗುವುದಿಲ್ಲ.

ಬಟ್ಟೆಯ ಮೇಲೆ, ಸೊಂಟದ ಮೂಳೆಗಳಿಗೆ ತಾಗುವಂತೆ ಕಟ್ಟಿ. ಒಳಗೆ ಎರಡು ಬೆರಳು ಹೋಗುವಷ್ಟು ಬಿಗಿ ಸಾಕು. ನೈಟಿ ಹಾಕಿದವರಲ್ಲಿ ಬೆಲ್ಟ್ ಬಟ್ಟೆಯ ಸಮೇತ ಮೇಲಕ್ಕೆ ಜಾರಿ ಪಕ್ಕೆಲುಬಿಗೆ ಬರುತ್ತದೆ, ಸೀರೆಯ ನೆರಿಗೆಯ ಮೇಲೆ ಕಟ್ಟಿದರೆ ಸುತ್ತಿಕೊಳ್ಳುತ್ತದೆ. ಒಳಗೊಂದು ಹತ್ತಿಯ ಪ್ಯಾಂಟ್ ಹಾಕಿಸಿದರೆ ಈ ತೊಂದರೆ ಇಲ್ಲ. ನಿಂತ ಮೇಲೆ ಹೊಟ್ಟೆ ಸಣ್ಣಗಾಗಿ ಬೆಲ್ಟ್ ಸಡಿಲವಾಗುತ್ತದೆ, ಇನ್ನೊಮ್ಮೆ ಬಿಗಿ ಮಾಡಿ. ಹೊಟ್ಟೆಯ ಆಪರೇಷನ್ ಆದವರು, ಹೊಟ್ಟೆಗೆ ಆಹಾರದ ಕೊಳವೆ ಅಥವಾ ಮಲದ ಚೀಲ ಹಾಕಿಸಿಕೊಂಡವರು, ಹರ್ನಿಯಾ ಇದ್ದವರು, ಪಕ್ಕೆಲುಬು ಮುರಿದವರಿಗೆ ವೈದ್ಯರನ್ನು ಕೇಳದೆ ಕಟ್ಟಬೇಡಿ.

ಲಕ್ವ ಹೊಡೆದವರನ್ನು ಮಂಚದಿಂದ ವೀಲ್‌ಚೇರಿಗೆ ಸಾಗಿಸುವುದಾದರೆ, ವೀಲ್‌ಚೇರನ್ನು ಅವರ ಬಲವಿರುವ ಮಗ್ಗುಲಿಗೆ, ಮಂಚಕ್ಕೆ 30ರಿಂದ 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಬ್ರೇಕ್ ಹಾಕಿ, ಪಾದದ ಹಲಗೆ ಪಕ್ಕಕ್ಕೆ ತೆಗೆಯಿರಿ. ಅಡಿ ತಪ್ಪಿ ಬೀಳುವುದು, ಮೀನಖಂಡ ಸೀಳುವುದು ಹೆಚ್ಚಾಗಿ ಈ ಹಲಗೆಗೆ ತಗುಲಿಯೇ. ರೋಗಿ ಅಂಚಿಗೆ ಸರಿದು, ಪಾದಗಳು ಮೊಣಕಾಲಿಗಿಂತ ಹಿಂದೆ ಇರುವಂತೆ ಊರಲಿ. ಏಳಲು ಮುಂದಕ್ಕೆ ಬಾಗಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ನೆಟ್ಟಗೆ ಕೂತವರನ್ನು ಮೇಲಕ್ಕೆಳೆದರೆ ಪೂರ್ತಿ ಭಾರ ನಿಮ್ಮ ಕೈಗೆ ಬರುತ್ತದೆ, ಬಾಗಿದವರ ಭಾರ ಅವರ ಕಾಲಿಗೇ ಇಳಿಯುತ್ತದೆ. ನಿಮ್ಮ ಕೈ ಅಡಿಯಿಂದ ಹಿಡಿಕೆ ಹಿಡಿದಿರಲಿ, ಮೊಣಕಾಲು ಅವರ ಬಲಹೀನ ಮೊಣಕಾಲಿಗೆ ಅಡ್ಡವಿರಲಿ. ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಿ ಅವರೂ ಏಳಲಿ. ತಿರುಗುವಾಗ ಸೊಂಟ ತಿರುಚದೆ ಚಿಕ್ಕ ಹೆಜ್ಜೆ ಇಡಿ. ತೊಡೆಯ ಹಿಂಭಾಗಕ್ಕೆ ಸೀಟು ತಾಗಿದ ಮೇಲೆ ನಿಧಾನಕ್ಕೆ ಕೂರಿಸಿ. ಹವಾಯಿ ಚಪ್ಪಲಿ ಇಬ್ಬರಿಗೂ ಬೇಡ.

ಕಂಕುಳಿಗೆ ಕೈ ಹಾಕಿ ಎತ್ತುವುದನ್ನು ಆಸ್ಪತ್ರೆಗಳಲ್ಲೂ ಕಾಣುತ್ತೇವೆ, ದಯವಿಟ್ಟು ನಿಲ್ಲಿಸಿ. ಲಕ್ವದ ಕಡೆಯ ಭುಜವನ್ನು ಹಿಡಿದಿಡುವ ಸ್ನಾಯುಗಳು ಸಡಿಲಾಗಿರುತ್ತವೆ, ಆ ಎಳೆತಕ್ಕೆ ಕೀಲು ಕೆಳಕ್ಕೆ ಜಾರಿ ತಿಂಗಳುಗಟ್ಟಲೆ ನೋವು ಉಳಿಯುತ್ತದೆ. ಬೆಲ್ಟ್ ಕೂಡ ಎತ್ತುವ ಸಾಧನವಲ್ಲ, ದಾರಿ ತೋರಿಸಿ ಸಮತೋಲ ಕಾಯುವುದಷ್ಟೇ ಅದರ ಕೆಲಸ. ಬೆಲ್ಟ್ ಹಿಡಿದು ನಿಮ್ಮ ತೋಳಿನಿಂದ ಮೇಲಕ್ಕೆತ್ತುತ್ತಿದ್ದೀರಿ ಅಂತಾದರೆ ಆ ರೋಗಿಗೆ ಕುರ್ಚಿ ಬೇಕಾಗಿದೆ ಎಂದೇ ತಿಳಿಯಿರಿ.

ಸ್ಲೈಡ್ ಶೀಟ್

ಮಲಗಿದವರು ದಿಂಬಿನಿಂದ ಕೆಳಗೆ ಸರಿದಾಗ ಮೇಲಕ್ಕೆಳೆಯುವುದು ದಿನಕ್ಕೆ ಹತ್ತು ಸಲ ಬರುವ ಕೆಲಸ, ಆರೈಕೆ ಮಾಡುವವರ ಸೊಂಟ ಮುರಿಯುವುದೂ ಇದರಲ್ಲೇ. ಹಾಸು ಹಿಡಿದು ಎಳೆದರೆ ಚರ್ಮ ಹಾಸಿಗೆಗೆ ಅಂಟಿ ಮೂಳೆ ಮಾತ್ರ ಮುಂದೆ ಸಾಗುತ್ತದೆ, ಒಳಗಿನ ರಕ್ತನಾಳ ಹರಿಯುತ್ತದೆ. ಬೆನ್ನ ತುದಿ, ಹಿಮ್ಮಡಿಯ ಹುಣ್ಣುಗಳು ಹೀಗೂ ಶುರುವಾಗುತ್ತವೆ. ಸ್ಲೈಡ್ ಶೀಟ್ ಎಂದರೆ ಎರಡು ಪದರ ಒಂದರ ಮೇಲೊಂದು ಜಾರುವ ನುಣುಪು ನೈಲಾನ್ ಬಟ್ಟೆ. ಕೊಳವೆಯಂತೆ ಹೊಲಿದದ್ದು ಮನೆಗೆ ಸುಲಭ. ಭುಜದಿಂದ ಪೃಷ್ಠದವರೆಗೆ ಸಿಗುವ ಅಳತೆ ಇರಲಿ. ಹಿಮ್ಮಡಿ ಹೊರಗುಳಿದರೆ ಕಾಲು ಮಡಿಸಿಕೊಳ್ಳಲು ಹೇಳಿ, ಇಲ್ಲವೇ ಅಡಿಗೊಂದು ಚಿಕ್ಕದು ಹಾಕಿ.

ಮಗ್ಗುಲಾಗಿಸಿ ಅರ್ಧ ಸುರುಳಿ ಮಾಡಿದ ಶೀಟನ್ನು ಬೆನ್ನ ಕೆಳಗೆ ತುರುಕಿ, ಆ ಕಡೆ ತಿರುಗಿಸಿ ಬಿಡಿಸಿ. ಇಬ್ಬರು ಎರಡು ಕಡೆ ನಿಂತು, ಒಂದು ಕಾಲು ತಲೆಯ ದಿಕ್ಕಿಗೆ ಮುಂದಿಟ್ಟು, ಮೇಲಿನ ಪದರವನ್ನು ಮೈಗೆ ಹತ್ತಿರ ಹಿಡಿದು ಹಿಂಗಾಲಿನ ಭಾರ ಮುಂಗಾಲಿಗೆ ಹಾಕಿ. ಎಳೆದು ಮುಗಿದ ತಕ್ಷಣ ಶೀಟ್ ತೆಗೆಯಿರಿ. ಅಲ್ಲೇ ಬಿಟ್ಟರೆ ರಾತ್ರಿ ರೋಗಿ ಮಂಚದಿಂದ ಜಾರಿ ಬೀಳುತ್ತಾರೆ, ಇದು ಈ ವಸ್ತುವಿನ ದೊಡ್ಡ ಅಪಾಯ. ಒಗೆಯುವಾಗ ಬ್ಲೀಚ್, ಇಸ್ತ್ರಿ ಬೇಡ, ಜಾರುವ ಲೇಪ ಹಾಳಾಗುತ್ತದೆ.

ನಮ್ಮ ಮರದ ಮಂಚಗಳ ಎತ್ತರ ಸುಮಾರು ಒಂದೂವರೆ ಅಡಿ. ಅಷ್ಟು ತಗ್ಗಿನಲ್ಲಿ ಯಾರು ಎಷ್ಟೇ ಸರಿಯಾಗಿ ನಿಂತರೂ ಸೊಂಟ ಬಗ್ಗಲೇಬೇಕು. ಒಂದು ಮೊಣಕಾಲನ್ನು ಹಾಸಿಗೆಯ ಮೇಲೂರಿ ಎಳೆಯುವುದು ತಕ್ಷಣದ ಪರಿಹಾರ. ತಿಂಗಳುಗಟ್ಟಲೆ ಆರೈಕೆ ಇದೆ ಎಂದಾದರೆ ಎತ್ತರ ಏರಿಳಿಸುವ ಆಸ್ಪತ್ರೆ ಮಂಚವನ್ನು ಬಾಡಿಗೆಗೆ ತನ್ನಿ. ಕುರ್ಚಿಯ ಕಾಲು ನುಗ್ಗುವ ಸಮಸ್ಯೆಯೂ ಅದರೊಂದಿಗೇ ಬಗೆಹರಿಯುತ್ತದೆ. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ಮಂಚಕ್ಕೆ ಹಾಕಿ ಎಂಬುದೇ ನಮ್ಮ ಸಲಹೆ.

ಹಾಯ್ಸ್ಟ್ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಅದಕ್ಕೆ ಕಲಿಸುವವರು ಪಕ್ಕದಲ್ಲಿ ಬೇಕು. ಎರಡು ಮಾತು ಮಾತ್ರ: ಜೋಲಿಯ ಅಳತೆ ರೋಗಿಯದ್ದೇ ಆಗಿರಬೇಕು, ದೊಡ್ಡದಾದರೆ ಮೈ ನಡುವಿನಿಂದ ಜಾರುತ್ತದೆ. ಹೊಲಿಗೆ ಬಿಚ್ಚಿದ, ನೂಲು ಎದ್ದ ಜೋಲಿಯನ್ನು ಹೊಲಿಸಿ ಬಳಸಬೇಡಿ, ಎಸೆಯಿರಿ. ಬ್ರಿಟನ್ನಿನಲ್ಲಿ 1998ರ ಕಾನೂನಿನಂತೆ ಜನರನ್ನು ಎತ್ತುವ ಇಂಥ ಉಪಕರಣಗಳನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಅದೇ ಗಡುವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕುರ್ಚಿಗೂ ಪಾಲಿಸಬಹುದು: ಬಿಜಾಗರಿಯ ವೆಲ್ಡಿಂಗ್, ಬೀಗದ ಸ್ಪ್ರಿಂಗ್, ಗಾಲಿಗೆ ಸುತ್ತಿದ ಕೂದಲು, ಬ್ರೇಕಿನ ರಬ್ಬರ್.

ಕೊಳ್ಳುವಾಗ ಕುರ್ಚಿಯ ಮೇಲೆ ಅಂಟಿಸಿದ ಭಾರದ ಮಿತಿ ನೋಡಿ, ರೋಗಿಯ ತೂಕಕ್ಕಿಂತ ಕನಿಷ್ಠ 20 ಕೆಜಿ ಹೆಚ್ಚಿರಲಿ. ಬಚ್ಚಲಿಗೆ ದಿನವೂ ಹೋಗುವುದಾದರೆ ಬಣ್ಣ ಬಳಿದ ಕಬ್ಬಿಣ ಸ್ಕ್ರೂಗಳ ಬುಡದಿಂದ ತುಕ್ಕು ಹಿಡಿಯುತ್ತದೆ, ಸ್ಟೀಲಿನದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಗಾಲಿ, ಬೀಗ, ಹೈಡ್ರಾಲಿಕ್ ಪಂಪ್ ಬಿಡಿಯಾಗಿ ಸಿಗುತ್ತವೆಯೇ, ರಿಪೇರಿಗೆ ಮನೆಗೆ ಬರುತ್ತಾರೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಸಾಧ್ಯವಿದ್ದರೆ ಒಂದು ತಿಂಗಳು ಬಾಡಿಗೆಗೆ ತಂದು, ಮೊದಲ ದಿನ ಮನೆಯ ಆರೋಗ್ಯವಂತರೊಬ್ಬರನ್ನೇ ಕೂರಿಸಿ, ಮಂಚದಿಂದ ಕಮೋಡಿನವರೆಗೆ ಹೋಗಿ ಬನ್ನಿ. ಎಲ್ಲಿ ಚುಚ್ಚುತ್ತದೆ, ಎಲ್ಲಿ ಗಾಲಿ ತಡೆಯುತ್ತದೆ ಎಂದು ಅವರು ಬಾಯಿಬಿಟ್ಟು ಹೇಳುತ್ತಾರೆ.